ಹಸು ಗಬ್ಬ ನಿಲ್ಲುತ್ತಿಲ್ಲವೇ? ಬೆದೆ ಗುರುತಿಸುವುದರಿಂದ ಮಾಸು ಬೀಳುವವರೆಗೆ ಹಂತ ಹಂತದ ಮಾರ್ಗದರ್ಶಿ

"ಮೂರು ಸಲ ಇಂಜೆಕ್ಷನ್ ಮಾಡಿಸಿದೆವು, ಗಬ್ಬ ನಿಲ್ಲಲಿಲ್ಲ." ಇಂಜೆಕ್ಷನ್ ಎಂದರೆ ಇಲ್ಲಿ ಕೃತಕ ಗರ್ಭಧಾರಣೆ, ಕಡ್ಡಿಯಲ್ಲಿ ತುಂಬಿಟ್ಟ ಹೋರಿಯ ವೀರ್ಯವನ್ನು ಗರ್ಭಕೋಶಕ್ಕೆ ಹಾಕಿಸುವುದು. ಹೀಗೆ ಹೇಳುವವರಿಗೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಬೆದೆ ಶುರುವಾದದ್ದು ಎಷ್ಟು ಹೊತ್ತಿಗೆ? ಹೆಚ್ಚಿನವರಿಗೆ ದಿನ ನೆನಪಿರುತ್ತದೆ, ಹೊತ್ತು ನೆನಪಿರುವುದಿಲ್ಲ. ಗರ್ಭಧಾರಣೆ ತಪ್ಪುವುದು ಬಹುಪಾಲು ಅಲ್ಲಿಯೇ. ವೀರ್ಯ ಕೆಟ್ಟದ್ದು, ತಳಿ ಸರಿಯಿಲ್ಲ, ಖನಿಜದ ಕೊರತೆ ಎಂದು ಕಾರಣ ಹುಡುಕುತ್ತಾ ಹೋಗುವ ಮೊದಲು ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಪಾಲಿಸಿ ನೋಡಿ. ಹಸುವನ್ನು ಮುಖ್ಯವಾಗಿ ಇಟ್ಟುಕೊಂಡು ಬರೆದಿದ್ದೇನೆ. ಎಮ್ಮೆ, ಕುರಿ, ಮೇಕೆಗಳಲ್ಲಿ ವ್ಯತ್ಯಾಸ ಇರುವಲ್ಲಿ ಅದನ್ನೂ ಹೇಳಿದ್ದೇನೆ.

## ಕೈಯಲ್ಲಿ ಇರಬೇಕಾದದ್ದು

ಒಂದು ನೋಟ್‌ಬುಕ್, ಗೋಡೆಯ ಕ್ಯಾಲೆಂಡರ್, ರಾತ್ರಿ ನೋಡಲು ಟಾರ್ಚ್, ಉದ್ದ ತೋಳಿನ ಪ್ಲಾಸ್ಟಿಕ್ ಕೈಗವಸು, ಥರ್ಮಾಮೀಟರ್, ಕರುವಿನ ಹೊಕ್ಕುಳಿಗೆ ಟಿಂಚರ್ ಅಯೋಡಿನ್. ಇವುಗಳಲ್ಲಿ ಅತಿ ಮುಖ್ಯವಾದದ್ದು ನೋಟ್‌ಬುಕ್. ಪ್ರತಿ ಪ್ರಾಣಿಗೆ ಒಂದು ಪುಟ: ಈದ ದಿನ, ಪ್ರತಿ ಬೆದೆಯ ದಿನ ಮತ್ತು ಹೊತ್ತು, ವೀರ್ಯದ ಕಡ್ಡಿಯ ಮೇಲಿದ್ದ ಹೋರಿಯ ಸಂಖ್ಯೆ, ಲೋಳೆಯ ಬಣ್ಣ. ಈ ಪುಟ ಇಲ್ಲದೆ ಪಶುವೈದ್ಯರೂ ಊಹೆಯ ಮೇಲೆಯೇ ಚಿಕಿತ್ಸೆ ಕೊಡಬೇಕಾಗುತ್ತದೆ.

## ಹಂತ 1: ಒಳಗಿನ ಲೆಕ್ಕವನ್ನು ತಿಳಿದುಕೊಳ್ಳಿ

ಹಸು ಮತ್ತು ಎಮ್ಮೆಗೆ ಬೆದೆಯ ಚಕ್ರ ಸುಮಾರು 21 ದಿನ. 18ರಿಂದ 24 ದಿನಗಳ ಒಳಗೆ ಮರಳಿದರೆ ಸರಿಯಾಗಿದೆ ಎಂದೇ ಅರ್ಥ. ಮೇಕೆಗೂ ಸುಮಾರು 21 ದಿನ. ಕುರಿಗೆ ಮಾತ್ರ 17 ದಿನ. ಕುರಿಗೂ 21 ದಿನ ಎಂದು ಎಣಿಸುತ್ತಾ ಕುಳಿತರೆ ಬೆದೆ ಬಂದು ಹೋಗಿ ನಾಲ್ಕು ದಿನ ಆಗಿರುತ್ತದೆ.

ಬೆದೆಯ ಹೊತ್ತಿಗೆ ಅಂಡಾಶಯದ ಮೇಲೆ ನೀರುಗುಳ್ಳೆಯಂಥ ಒಂದು ಕೋಶಿಕೆ ಬಲಿತಿರುತ್ತದೆ. ಅದರೊಳಗೆ ಅಂಡಾಣು ಇರುತ್ತದೆ. ಕೋಶಿಕೆ ಸ್ರವಿಸುವ ಈಸ್ಟ್ರೋಜನ್ ಎಂಬ ಹಾರ್ಮೋನಿನಿಂದಲೇ ಹಸು ಕೂಗುತ್ತದೆ, ಲೋಳೆ ಇಳಿಸುತ್ತದೆ, ಬೇರೆ ಹಸು ಮೈಮೇಲೆ ಹತ್ತಿದರೆ ನಿಲ್ಲುತ್ತದೆ. ಅದೇ ಈಸ್ಟ್ರೋಜನ್ ಮಿದುಳಿಗೆ ಸೂಚನೆ ಕೊಟ್ಟು, ಕೋಶಿಕೆ ಒಡೆಯಲು ಬೇಕಾದ ಹಾರ್ಮೋನನ್ನು ಬಿಡಿಸುತ್ತದೆ. ಕೋಶಿಕೆ ಒಡೆದ ಜಾಗದಲ್ಲಿ ಹಳದಿ ಬಣ್ಣದ ಒಂದು ಗಂಟು ಬೆಳೆದು ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನನ್ನು ಸ್ರವಿಸತೊಡಗುತ್ತದೆ. ಈ ಗಂಟು ಇರುವಷ್ಟು ದಿನ ಮತ್ತೆ ಬೆದೆ ಬರುವುದಿಲ್ಲ, ಗರ್ಭಕೋಶದ ಕೊರಳು ಬಿಗಿದುಕೊಂಡಿರುತ್ತದೆ.

ಮುಂದಿನದನ್ನು ಹೆಚ್ಚಿನವರು ಗಮನಿಸಿರುವುದಿಲ್ಲ. ಸುಮಾರು 16–17ನೆಯ ದಿನ ಹಸುವಿನ ಗರ್ಭಕೋಶವು ತಾನಾಗಿಯೇ ಪ್ರೊಸ್ಟಗ್ಲಾಂಡಿನ್ ಎಂಬ ಹಾರ್ಮೋನನ್ನು ಬಿಟ್ಟು ಆ ಹಳದಿ ಗಂಟನ್ನು ಕರಗಿಸುತ್ತದೆ. ಒಳಗೆ ಭ್ರೂಣ ಇದ್ದರೆ, ಅದು ಅಷ್ಟರೊಳಗೆ ಇಂಟರ್‌ಫೆರಾನ್ ಟೌ ಎಂಬ ಪ್ರೋಟೀನನ್ನು ಸಾಕಷ್ಟು ಸ್ರವಿಸಿ ಗರ್ಭಕೋಶವನ್ನು ತಡೆಯಬೇಕು. ಭ್ರೂಣ ಬಲವಾಗಿದ್ದರೆ ಗಂಟು ಉಳಿಯುತ್ತದೆ, ಗಬ್ಬ ನಿಲ್ಲುತ್ತದೆ. ಭ್ರೂಣ ಬಡಕಲಾಗಿದ್ದರೆ ಗಂಟು ಕರಗಿ, 21ನೆಯ ದಿನ ಏನೂ ಆಗಿಲ್ಲವೇನೋ ಎಂಬಂತೆ ಹಸು ಬೆದೆಗೆ ಬರುತ್ತದೆ. ಗರ್ಭ ಕಟ್ಟಿ ಕಳೆದುಹೋದದ್ದು ಹೊರಗಿನವರಿಗೆ ತಿಳಿಯುವುದೇ ಇಲ್ಲ. ಆದ್ದರಿಂದ ಇಂಜೆಕ್ಷನ್ ಆದ ಮೊದಲ ಮೂರು ವಾರ ದೂರದ ಸಾಗಾಟ ಬೇಡ, ಮೇವನ್ನು ಥಟ್ಟನೆ ಬದಲಿಸುವುದು ಬೇಡ, ಬಿಸಿಲಿನಲ್ಲಿ ಕಟ್ಟುವುದು ಬೇಡ. ಮೊದಲ ಕೆಲವು ದಿನಗಳ ಭ್ರೂಣಕ್ಕೆ ತಾಯಿಯ ಮೈಬಿಸಿ ಏರಿದರೆ ತಾಳುವ ಶಕ್ತಿ ಇರುವುದಿಲ್ಲ.

## ಹಂತ 2: ಪ್ರಾಣಿ ಸಿದ್ಧವಾಗಿದೆಯೇ ನೋಡಿ

ಕಡಸಿಗೆ ವಯಸ್ಸಿಗಿಂತ ತೂಕ ಮುಖ್ಯ. ಆ ತಳಿಯ ಬೆಳೆದ ಹಸುವಿನ ತೂಕದ 60ರಿಂದ 65 ಶೇಕಡಾ ಮುಟ್ಟುವ ತನಕ ಬೆದೆ ಬಂದರೂ ಹಾಕಿಸಬೇಡಿ. ಅವಸರ ಮಾಡಿದರೆ ಈಯುವಾಗ ಸೊಂಟದ ಮೂಳೆ ಇಕ್ಕಟ್ಟಾಗುತ್ತದೆ.

ಈದ ಹಸುವಿನ ಗರ್ಭಕೋಶ ಮೊದಲಿನ ಗಾತ್ರಕ್ಕೆ ಮರಳಲು 40–45 ದಿನ ಬೇಕು. ಅದಕ್ಕೂ ಮೊದಲು ಬರುವ ಬೆದೆಯನ್ನು ಬರೆದಿಟ್ಟುಕೊಳ್ಳಿ, ಬಳಸಬೇಡಿ. 60 ದಿನದ ಸುಮಾರಿಗೆ ಬರುವ ಬೆದೆ ಒಳ್ಳೆಯದು. ಈದ ಮೇಲೆ ಹಾಲಿನಲ್ಲಿ ಹೋಗುವಷ್ಟು ಶಕ್ತಿ ಮೇವಿನಿಂದ ಬರದೆ ಹಸು ಇಳಿಯುತ್ತಿದ್ದರೆ ಅಂಡಾಶಯ ಮೊದಲು ಕೆಲಸ ನಿಲ್ಲಿಸುತ್ತದೆ. ಪಕ್ಕೆಲುಬುಗಳೆಲ್ಲ ದೂರದಿಂದಲೇ ಎಣಿಸುವಂತೆ ಕಾಣುತ್ತಿದ್ದರೆ ಮೊದಲು ಮೇವು ಸರಿಪಡಿಸಿ, ಆಮೇಲೆ ಇಂಜೆಕ್ಷನ್.

ಹೋರಿಗರುವಿನ ಜೊತೆ ಅವಳಿಯಾಗಿ ಹುಟ್ಟಿದ ಹೆಣ್ಣುಗರು ಇದ್ದರೆ ತಿಳಿದಿರಲಿ: ಗರ್ಭದಲ್ಲಿ ಇಬ್ಬರ ರಕ್ತವೂ ಬೆರೆಯುವುದರಿಂದ ಅಂಥ ಹೆಣ್ಣುಗರುಗಳಲ್ಲಿ 90 ಶೇಕಡಕ್ಕೂ ಹೆಚ್ಚು ಬಂಜೆಯಾಗಿರುತ್ತವೆ. ವರ್ಷಗಟ್ಟಲೆ ಸಾಕಿ ಕಾಯುವ ಮೊದಲು ಪರೀಕ್ಷೆ ಮಾಡಿಸಿ.

## ಹಂತ 3: ಬೆದೆಯನ್ನು ಕಣ್ಣಾರೆ ಹಿಡಿಯಿರಿ

ಹಸುವಿನ ಬೆದೆ 12ರಿಂದ 18 ಗಂಟೆ ಇರುತ್ತದೆ. ಹೆಚ್ಚು ಹಾಲು ಕೊಡುವ ಹಸುಗಳಲ್ಲಿ ಇನ್ನೂ ಕಡಿಮೆ. ಅದರಲ್ಲಿ ಬಹುಪಾಲು ರಾತ್ರಿ ಮತ್ತು ಬೆಳಗಿನ ಜಾವದಲ್ಲಿ ಕಳೆದುಹೋಗುತ್ತದೆ. ದಿನಕ್ಕೆ ಒಮ್ಮೆ ಮೇವು ಹಾಕುವಾಗ ಕಣ್ಣಾಡಿಸಿದರೆ ಸಾಲದು. ಬೆಳಕು ಹರಿಯುವ ಮೊದಲು ಒಮ್ಮೆ, ಮಧ್ಯಾಹ್ನ ಒಮ್ಮೆ, ರಾತ್ರಿ ಮಲಗುವ ಮುನ್ನ ಒಮ್ಮೆ, ಪ್ರತಿ ಸಲ ಇಪ್ಪತ್ತು ನಿಮಿಷ. ಹಾಲು ಕರೆಯುವ, ಹಿಂಡಿ ಇಡುವ ಹೊತ್ತಿನಲ್ಲಿ ಹಸುವಿನ ಗಮನವೆಲ್ಲ ಬಾನಿಯ ಮೇಲೆ ಇರುತ್ತದೆ, ಆಗ ನೋಡಿ ಪ್ರಯೋಜನವಿಲ್ಲ.

ನಂಬಬಹುದಾದ ಗುರುತು ಒಂದೇ: ಬೇರೆ ಪ್ರಾಣಿ ಬೆನ್ನ ಮೇಲೆ ಹತ್ತಿದಾಗ ಸರಿದು ಹೋಗದೆ ನಿಲ್ಲುವುದು. ಇಲ್ಲಿ ಜನ ಪದೇ ಪದೇ ತಪ್ಪುತ್ತಾರೆ. ಹತ್ತುವ ಹಸುವಲ್ಲ, ಕೆಳಗೆ ನಿಲ್ಲುವ ಹಸು ಬೆದೆಯಲ್ಲಿರುವುದು. ಹತ್ತುವುದು ಬೆದೆಗೆ ಹತ್ತಿರ ಇರಬಹುದು, ಗಬ್ಬವಾಗಿಯೂ ಇರಬಹುದು.

ಸದಾ ಕಟ್ಟಿ ಸಾಕುವವರಿಗೆ ಈ ಗುರುತು ಸಿಗುವುದಿಲ್ಲ. ಅವರು ಉಳಿದವನ್ನು ಕೂಡಿಸಿ ನೋಡಬೇಕು: ಕೋಳಿಮೊಟ್ಟೆಯ ಬಿಳಿಯಂತೆ ತಿಳಿಯಾದ, ಎಳೆಯಾಗಿ ಜೋಲುವ ಲೋಳೆ, ಊದಿಕೊಂಡು ಒಳಗೆ ಕೆಂಪೇರಿದ ಯೋನಿ, ಕಾರಣವಿಲ್ಲದ ಕೂಗು, ಹಾಲು ಏಕಾಏಕಿ ಇಳಿಯುವುದು, ಮೇವು ಬಿಡುವುದು, ಪದೇ ಪದೇ ಸ್ವಲ್ಪ ಸ್ವಲ್ಪ ಮೂತ್ರ, ಬಾಲದ ಬುಡದಲ್ಲಿ ಕೆದರಿದ ಕೂದಲು. ಒಂದೇ ಲಕ್ಷಣ ಕಂಡು ಓಡಬೇಡಿ, ಎರಡು ಮೂರು ಸೇರಬೇಕು. ಸಾಧ್ಯವಿದ್ದರೆ ದಿನಕ್ಕೆ ಎರಡು ಹೊತ್ತು ಅರ್ಧ ಗಂಟೆ ಹಗ್ಗ ಬಿಚ್ಚಿ ಅಂಗಳದಲ್ಲಿ ಬಿಡಿ. ಯಾವ ಔಷಧಿಗಿಂತಲೂ ಇದು ಹೆಚ್ಚು ಬೆದೆಗಳನ್ನು ತೋರಿಸಿಕೊಡುತ್ತದೆ.

ಎಮ್ಮೆ. ಮೂಕ ಬೆದೆ ಇದರ ದೊಡ್ಡ ತೊಂದರೆ. ಒಂದರ ಮೇಲೊಂದು ಹತ್ತುವುದು ಅಪರೂಪ. ಲೋಳೆ ಕಡಿಮೆ, ಜೋಲದೆ ಒಳಗೇ ನಿಂತಿದ್ದು ಮಲಗಿದಾಗ ನೆಲಕ್ಕೆ ಬೀಳುತ್ತದೆ. ಆದ್ದರಿಂದ ಎಮ್ಮೆ ಎದ್ದ ಜಾಗವನ್ನು ಟಾರ್ಚ್ ಹಿಡಿದು ನೋಡಿ. ಕೂಗು, ಪದೇ ಪದೇ ಮೂತ್ರ, ಊದಿದ ಯೋನಿ ಇವೇ ಆಧಾರ. ಬಿರುಬೇಸಿಗೆಯಲ್ಲಿ ಬೆದೆ ಇನ್ನೂ ಮಂಕಾಗುತ್ತದೆ. ನೆರಳು ಮತ್ತು ಮೈಮೇಲೆ ನೀರು ಸಿಕ್ಕರೆ ಸುಧಾರಿಸುತ್ತದೆ.

ಕುರಿ, ಮೇಕೆ. ಟಗರು ಹತ್ತಿರ ಇಲ್ಲದೆ ಕುರಿಯ ಬೆದೆ ಕಾಣುವುದಿಲ್ಲ ಎಂದೇ ಹೇಳಬೇಕು. ಟಗರಿನ ಎದೆಗೆ ಬಣ್ಣ ಹಚ್ಚಿ ಹಿಂಡಿನಲ್ಲಿ ಬಿಟ್ಟರೆ ಯಾವ ಕುರಿಯ ಬೆನ್ನಿಗೆ ಬಣ್ಣ ಅಂಟಿದೆ ಎಂಬುದೇ ದಾಖಲೆ. ಎರಡು ವಾರ ಕಳೆದ ಮೇಲೆ ಬಣ್ಣ ಬದಲಿಸಿ, ಆಗ ಮರಳಿ ಬೆದೆಗೆ ಬಂದವು ಯಾವುವು ಎಂದು ತಿಳಿಯುತ್ತದೆ. ಮೇಕೆ ಇಷ್ಟು ಗುಟ್ಟು ಮಾಡುವುದಿಲ್ಲ: ಬಿಡದೆ ಅರಚುತ್ತದೆ, ಬಾಲವನ್ನು ವೇಗವಾಗಿ ಆಡಿಸುತ್ತದೆ, ಹೋತ ಇರುವ ಕಡೆಗೇ ಎಳೆಯುತ್ತದೆ.

## ಹಂತ 4: ಹೊತ್ತು ಲೆಕ್ಕ ಹಾಕಿ

ಹಸುವಿನಲ್ಲಿ ಅಂಡಾಣು ಬಿಡುಗಡೆಯಾಗುವುದು ಬೆದೆ ಮುಗಿದ ಮೇಲೆ, ಸುಮಾರು 10ರಿಂದ 14 ಗಂಟೆ ಕಳೆದು. ಇದು ತಿಳಿಯದೆ ಬೆದೆ ಕಂಡ ತಕ್ಷಣ ಓಡುವವರು ಒಂದು ಕಡೆ, ನಾಳೆ ನೋಡೋಣ ಎನ್ನುವವರು ಇನ್ನೊಂದು ಕಡೆ. ಇಬ್ಬರಿಗೂ ಗಬ್ಬ ತಪ್ಪುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳಿ. ಹಸು ಬೆಳಿಗ್ಗೆ 6ಕ್ಕೆ ನಿಲ್ಲಲು ಶುರುಮಾಡಿತು. ರಾತ್ರಿ 9–10ಕ್ಕೆ ಬೆದೆ ಇಳಿಯಿತು. ಅಂಡಾಣು ಹೊರಬರುವುದು ಮರುದಿನ ಬೆಳಿಗ್ಗೆ 7ರಿಂದ ಮಧ್ಯಾಹ್ನದ ನಡುವೆ. ಹೊರಬಂದ ಅಂಡಾಣು ಫಲಿಸುವ ಸ್ಥಿತಿಯಲ್ಲಿ ಇರುವುದು ಹೆಚ್ಚೆಂದರೆ 6ರಿಂದ 12 ಗಂಟೆ. ವೀರ್ಯಾಣು ಗರ್ಭನಾಳದಲ್ಲಿ ಸುಮಾರು ಒಂದು ದಿನ ಬದುಕುತ್ತದೆ, ಆದರೆ ಒಳಗೆ ಹೋದ ಮೇಲೆ ಫಲಿಸುವ ಶಕ್ತಿ ಪಡೆಯಲು ಅದಕ್ಕೆ ಸುಮಾರು 6 ಗಂಟೆ ಬೇಕು. ಈಗ ಲೆಕ್ಕ ಹಾಕಿ. ಬೆಳಿಗ್ಗೆ 6ಕ್ಕೇ ಹಾಕಿಸಿದರೆ ಅಂಡಾಣು ಬರುವ ಹೊತ್ತಿಗೆ ವೀರ್ಯಾಣುಗಳು ಸಾಯುತ್ತಿರುತ್ತವೆ. ಮರುದಿನ ಮಧ್ಯಾಹ್ನ ಹಾಕಿಸಿದರೆ ವೀರ್ಯಾಣು ಸಿದ್ಧವಾಗುವಷ್ಟರಲ್ಲಿ ಅಂಡಾಣು ಹಳಸಿರುತ್ತದೆ. ಅದೇ ದಿನ ಸಂಜೆ 6ಕ್ಕೆ ಹಾಕಿಸಿದರೆ ಎರಡೂ ಸರಿಯಾದ ಹೊತ್ತಿನಲ್ಲಿ ಕೂಡುತ್ತವೆ.

ಬೆಳಿಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಎಂಬ ಸೂತ್ರ ಹುಟ್ಟಿದ್ದು ಈ ಲೆಕ್ಕದಿಂದ. ಆದರೆ ಸೂತ್ರ ಎಣಿಸುವುದು ಬೆದೆ ಶುರುವಾದ ಹೊತ್ತಿನಿಂದ, ನೀವು ನೋಡಿದ ಹೊತ್ತಿನಿಂದ ಅಲ್ಲ. ಹಿಂದಿನ ರಾತ್ರಿ 9ಕ್ಕೆ ನೋಡಿದಾಗ ಏನೂ ಇರಲಿಲ್ಲ, ಬೆಳಿಗ್ಗೆ 6ಕ್ಕೆ ಲೋಳೆ ಜೋಲುತ್ತಿದೆ ಎಂದರೆ ಬೆದೆ ನಡುರಾತ್ರಿಯೇ ಶುರುವಾಗಿರಬಹುದು. ಆಗ ಮಧ್ಯಾಹ್ನವೇ ಹಾಕಿಸುವುದು ಮೇಲು.

ಎಮ್ಮೆಗೂ ಶುರುವಾಗಿ 12 ಗಂಟೆಗೆ ಹಾಕಿಸಿ. ಮರುದಿನವೂ ಬೆದೆ ಮುಂದುವರಿದಿದ್ದರೆ ಇನ್ನೊಮ್ಮೆ. ಕುರಿಯ ಬೆದೆ 24–36 ಗಂಟೆ, ಮೇಕೆಯದು 24–48 ಗಂಟೆ, ಅಂಡಾಣು ಬರುವುದು ಬೆದೆಯ ಕೊನೆಯ ಭಾಗದಲ್ಲಿ. ಆದ್ದರಿಂದ ಮೊದಲ ದಿನ ಒಮ್ಮೆ ಕೂಡಿಸಿ ಹೋತವನ್ನು ಕಟ್ಟಿಬಿಡಬೇಡಿ. ಬೆದೆ ಇಳಿಯುವ ತನಕ ಜೊತೆಯಲ್ಲಿ ಬಿಡಿ.

ಎಚ್ಚರಿಕೆ: ಗಬ್ಬವಾದ ಕೆಲವು ಹಸುಗಳೂ ಬೆದೆಯ ಲಕ್ಷಣ ತೋರುತ್ತವೆ. ಹಿಂದೆ ಇಂಜೆಕ್ಷನ್ ಆಗಿದ್ದ ಹಸು ಹೊತ್ತಲ್ಲದ ಹೊತ್ತಿನಲ್ಲಿ ಬೆದೆ ತೋರಿದರೆ ಮೊದಲು ಗರ್ಭಪರೀಕ್ಷೆ ಮಾಡಿಸಿ. ಗರ್ಭಕೋಶದ ಕೊರಳನ್ನು ಮುಚ್ಚಿರುವ ಗಟ್ಟಿ ಲೋಳೆಯನ್ನು ಕಡ್ಡಿ ತೂರಿಸಿ ಒಡೆದರೆ ಗರ್ಭ ಹೋಗುತ್ತದೆ.

## ಹಂತ 5: ಕೃತಕ ಗರ್ಭಧಾರಣೆಯ ಹೊತ್ತಿನಲ್ಲಿ ಎದುರಿಗೇ ನಿಂತು ನೋಡಿ

ಈ ಕೆಲಸ ತರಬೇತಿ ಪಡೆದವರದ್ದು. ಹಸುವಿನ ಗರ್ಭಕೋಶದ ಕೊರಳಿನಲ್ಲಿ ಮೂರು ನಾಲ್ಕು ಬಿಗಿ ಉಂಗುರಗಳಿರುತ್ತವೆ, ಅನುಭವವಿಲ್ಲದ ಕೈ ಅಲ್ಲಿ ಗಾಯ ಮಾಡುತ್ತದೆ. ಆದರೆ ಮಾಲೀಕರು ನೋಡಬೇಕಾದದ್ದು ಇದೆ. ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿಯಲ್ಲಿದ್ದ ಕಡ್ಡಿಯನ್ನು 35–37 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿನ ನೀರಿನಲ್ಲಿ ಕನಿಷ್ಠ 30 ಸೆಕೆಂಡ್ ಅದ್ದಬೇಕು. ಅಂಗೈಯಲ್ಲಿ ಉಜ್ಜುವುದು, ತಣ್ಣೀರಿಗೆ ಹಾಕುವುದು ವೀರ್ಯಾಣುಗಳನ್ನು ಕೊಲ್ಲುತ್ತದೆ. ಥರ್ಮಾಮೀಟರ್ ನಿಮ್ಮ ಬಳಿ ಇರಲಿ, ನೀರು ನೀವೇ ಸಿದ್ಧಮಾಡಿ ಕೊಡಿ. ಕಡ್ಡಿಯ ಮೇಲಿನ ತೇವವನ್ನು ಪೂರ್ತಿ ಒರೆಸಬೇಕು, 15 ನಿಮಿಷದೊಳಗೆ ಬಳಸಬೇಕು. ವೀರ್ಯ ಬಿಡುವ ಜಾಗ ಗರ್ಭಕೋಶದ ಕೊರಳು ದಾಟಿದ ಕೂಡಲೇ, ನಿಧಾನವಾಗಿ. ಹಸುವನ್ನು ಓಡಿಸಿ ಹಿಡಿದು, ಹೊಡೆದು ಕಟ್ಟಿ ಹಾಕಿಸಬೇಡಿ.

ಕುರಿಯ ಗರ್ಭಕೋಶದ ಕೊರಳು ತೀರಾ ಅಂಕುಡೊಂಕು, ಕಡ್ಡಿ ದಾಟುವುದು ಕಷ್ಟ. ಅಲ್ಲಿ ಒಳ್ಳೆಯ ಟಗರೇ ವಾಸಿ. 25–30 ಕುರಿಗಳಿಗೆ ಒಂದು ಪ್ರಾಯದ ಟಗರು ಸಾಕು. ಹೋರಿಯಲ್ಲಿ ವೀರ್ಯಾಣು ತಯಾರಾಗಲು ಸುಮಾರು ಎರಡು ತಿಂಗಳು ಬೇಕು, ಟಗರಿಗೆ ಸ್ವಲ್ಪ ಕಡಿಮೆ. ಆದ್ದರಿಂದ ಇವತ್ತು ಚೆನ್ನಾಗಿ ಕಾಣುವ ಗಂಡು ಕಳೆದ ತಿಂಗಳು ಜ್ವರ ಬಂದು ಮಲಗಿತ್ತೇ ಎಂದು ಕೇಳಿ ತಿಳಿದುಕೊಳ್ಳಿ.

## ಹಂತ 6: ಮುಂದಿನ ಮೂರು ವಾರ

ಬೆದೆಯ ನಂತರ ಒಂದರಿಂದ ಮೂರು ದಿನಗಳಲ್ಲಿ ಕೆಲವು ಹಸುಗಳಿಗೆ ರಕ್ತ ಬೆರೆತ ಲೋಳೆ ಹೋಗುತ್ತದೆ. "ರಕ್ತ ಹೋಯಿತು, ನಿಲ್ಲಲಿಲ್ಲ" ಎಂದು ಕೈಚೆಲ್ಲಬೇಡಿ. ಅದು ಗಬ್ಬದ ಗುರುತೂ ಅಲ್ಲ, ಸೋಲಿನ ಗುರುತೂ ಅಲ್ಲ. ಬೆದೆ ಬಂದಿತ್ತು ಎಂಬುದನ್ನಷ್ಟೇ ಹೇಳುತ್ತದೆ. ಬೆದೆಯನ್ನೇ ನೋಡಿರದ ಹಸುವಿನಲ್ಲಿ ರಕ್ತ ಕಂಡರೆ ಆಗ ಇಂಜೆಕ್ಷನ್ ವ್ಯರ್ಥ. ಆ ದಿನ ಬರೆದಿಟ್ಟು, 16ನೆಯ ದಿನದಿಂದ ಕಣ್ಣಿಟ್ಟು ಕಾಯಿರಿ.

ಹಾಕಿಸಿದ ಹಸುವನ್ನು 18ರಿಂದ 24ನೆಯ ದಿನದವರೆಗೆ ಮತ್ತೆ ಮೂರು ಹೊತ್ತು ನೋಡಿ.

## ಹಂತ 7: ಗಬ್ಬವನ್ನು ಖಚಿತಪಡಿಸಿಕೊಳ್ಳಿ

ಬೆದೆ ಮರಳಲಿಲ್ಲ ಎಂದರೆ ಗಬ್ಬ ಎಂದಲ್ಲ. ಬೆದೆ ಕಣ್ಣಿಗೆ ಬೀಳದೆ ಹೋಗಿರಬಹುದು. ಹಸು, ಎಮ್ಮೆಗೆ ಸ್ಕ್ಯಾನ್ ಮಾಡುವವರಿದ್ದರೆ 30 ದಿನಕ್ಕೆ, ಕೈಯಿಂದ ಪರೀಕ್ಷಿಸುವವರಿದ್ದರೆ 60 ದಿನಕ್ಕೆ. ತೀರಾ ಬೇಗ ಒರಟಾಗಿ ಒತ್ತಿ ನೋಡಿದರೆ ಹಾನಿ. 30 ದಿನಕ್ಕೆ ಇದೆ ಎಂದವರು 60–90 ದಿನದ ನಡುವೆ ಇನ್ನೊಮ್ಮೆ ನೋಡಿಸಿ, ಮಧ್ಯೆ ಕಳೆದುಹೋಗುವ ಗರ್ಭಗಳಿವೆ.

ಮೇಕೆಯಲ್ಲಿ ಸುಳ್ಳು ಗಬ್ಬ ಬರುತ್ತದೆ: ಹೊಟ್ಟೆ ಬೆಳೆಯುತ್ತದೆ, ಒಳಗೆ ನೀರು ಮಾತ್ರ, ಮರಿ ಇಲ್ಲ. ಸ್ಕ್ಯಾನ್ ಇಲ್ಲದೆ ಗೊತ್ತಾಗುವುದಿಲ್ಲ.

## ಹಂತ 8: ನಿಲ್ಲದಿದ್ದರೆ ನೋಟ್‌ಬುಕ್ ತೆರೆಯಿರಿ

ಹಸು ಎಷ್ಟು ದಿನಕ್ಕೆ ಮರಳಿತು ಎಂಬುದರಲ್ಲೇ ಅರ್ಧ ಉತ್ತರ ಇರುತ್ತದೆ.

1. 18–24 ದಿನಕ್ಕೆ, ತಿಳಿ ಲೋಳೆ. ಅಂಡಾಣು ಫಲಿಸಿಲ್ಲ, ಇಲ್ಲವೇ ಭ್ರೂಣ ಮೊದಲ ಎರಡು ವಾರದಲ್ಲೇ ಹೋಗಿದೆ. ಮೊದಲು ಹೊತ್ತನ್ನು ಸರಿಪಡಿಸಿ. ಹೊತ್ತು ಸರಿಯಿದ್ದು ಮೂರು ಸಲ ತಪ್ಪಿದರೆ ಪಶುವೈದ್ಯರ ಪರೀಕ್ಷೆ ಬೇಕೇ ಬೇಕು. ನಾಲ್ಕನೆಯ ಕಡ್ಡಿಗೆ ಹಣ ಸುರಿಯಬೇಡಿ.

2. 36–48 ದಿನಕ್ಕೆ. ನಡುವಿನ ಒಂದು ಬೆದೆ ನಿಮ್ಮ ಕಣ್ಣು ತಪ್ಪಿದೆ. ನೋಡುವ ಕ್ರಮ ಬದಲಿಸಿ.

3. 25–35 ದಿನಕ್ಕೆ. ಗರ್ಭ ಕಟ್ಟಿ ನಂತರ ಹೋಗಿರುವ ಸಾಧ್ಯತೆ ಹೆಚ್ಚು. ಜ್ವರ, ಬಿಸಿಲು, ಸೋಂಕು ಇವುಗಳ ಕಡೆ ನೋಡಿ.

4. ಹತ್ತು ಹನ್ನೆರಡು ದಿನಕ್ಕೇ, ಅಥವಾ ಬಿಡದೆ ಬೆದೆ. ಎರಡರಲ್ಲಿ ಒಂದು ಬೆದೆ ಸುಳ್ಳಾಗಿರಬಹುದು, ಇಲ್ಲವೇ ಅಂಡಾಶಯದಲ್ಲಿ ಒಡೆಯದ ಗುಳ್ಳೆ ಉಳಿದಿರಬಹುದು.

5. ಲೋಳೆ ಮಬ್ಬು, ಕೀವಿನ ಎಳೆ, ವಾಸನೆ. ಗರ್ಭಕೋಶದಲ್ಲಿ ಸೋಂಕು ಇದೆ. ಆ ಬೆದೆಯಲ್ಲಿ ಹಾಕಿಸಬೇಡಿ. ಚಿಕಿತ್ಸೆ ಮುಗಿದು ಲೋಳೆ ತಿಳಿಯಾದ ಮೇಲೆ ಹಾಕಿಸಿ.

6. ಬೆದೆಯೇ ಇಲ್ಲ. ಮೊದಲು ಗಬ್ಬವಿಲ್ಲ ಎಂದು ಖಚಿತಪಡಿಸಿ. ಬೆದೆ ತರಿಸಲು ಕೊಡುವ ಪ್ರೊಸ್ಟಗ್ಲಾಂಡಿನ್ ಗಬ್ಬದ ಹಸುವಿನಲ್ಲಿ ಗರ್ಭಪಾತ ಮಾಡಿಸುತ್ತದೆ. ಹಳದಿ ಗಂಟು ಇನ್ನೂ ಎಳೆಯದಾಗಿರುವ ಮೊದಲ ಐದು ದಿನಗಳಲ್ಲಿ ಅದು ಕೆಲಸವನ್ನೂ ಮಾಡುವುದಿಲ್ಲ. ಈ ಔಷಧಿ ಚರ್ಮದ ಮೂಲಕವೂ ಒಳಹೋಗುತ್ತದೆ. ಗರ್ಭಿಣಿಯರು, ಆಸ್ತಮಾ ಇರುವವರು ಸೀಸೆಯನ್ನು ಮುಟ್ಟಲೇಬಾರದು.

## ಹಂತ 9: ಗಬ್ಬದ ಕೊನೆಯ ತಿಂಗಳುಗಳು

ಹಸುವಿಗೆ ಸುಮಾರು 280 ದಿನ, ಎಮ್ಮೆಗೆ ಸುಮಾರು 310, ಕುರಿ ಮೇಕೆಗಳಿಗೆ ಸುಮಾರು 150. ಈಯುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಅದಕ್ಕೆ 60 ದಿನ ಮೊದಲೇ ಹಸುವಿನ ಹಾಲು ಬತ್ತಿಸಿ. ಕರು ಬೇಗ ಬೇಗ ಬೆಳೆಯುವುದು ಈ ಕೊನೆಯ ಅವಧಿಯಲ್ಲೇ.

ಅವಳಿ ಮರಿ ಹೊತ್ತ ಕುರಿ, ಮೇಕೆಗಳಲ್ಲಿ ಕೊನೆಯ ಆರು ವಾರ ಗರ್ಭಕೋಶವೇ ಹೊಟ್ಟೆಯನ್ನು ಒತ್ತುವುದರಿಂದ ಒಣಮೇವು ಹೆಚ್ಚು ಹಿಡಿಸುವುದಿಲ್ಲ. ಸ್ವಲ್ಪದರಲ್ಲೇ ಶಕ್ತಿ ಕೊಡುವ ಕಾಳಿನ ಆಹಾರ ಬೇಕು. ಹಿಂಡಿನಿಂದ ದೂರ ನಿಲ್ಲುವುದು, ಹಲ್ಲು ಕಡಿಯುವುದು, ಕಣ್ಣು ಕಾಣದಂತೆ ನಡೆಯುವುದು ಕಂಡರೆ ಅದೇ ದಿನ ವೈದ್ಯರನ್ನು ಕರೆಯಿರಿ.

ಹಸು ಕಂದು ಹಾಕಿದರೆ (ಗರ್ಭಪಾತವಾದರೆ), ಅದರಲ್ಲೂ ಕೊನೆಯ ತಿಂಗಳುಗಳಲ್ಲಿ, ಬ್ರೂಸೆಲ್ಲೋಸಿಸ್ ಎಂಬ ಸೋಂಕುರೋಗದ ಅನುಮಾನ ಮೊದಲು ಬರಬೇಕು. ಇದು ಮನುಷ್ಯರಿಗೂ ಹರಡುತ್ತದೆ. ಸತ್ತ ಕರು, ಮಾಸುಗಳನ್ನು ಬರಿಗೈಯಲ್ಲಿ ಮುಟ್ಟಬೇಡಿ, ನಾಯಿಗೆ ಎಸೆಯಬೇಡಿ. ಪರೀಕ್ಷೆಗೆ ಮಾದರಿ ಕೊಟ್ಟು, ಉಳಿದದ್ದನ್ನು ಸುಣ್ಣ ಹಾಕಿ ಆಳವಾಗಿ ಹೂಳಿ.

## ಹಂತ 10: ಈಯುವ ಹೊತ್ತು

ಬಾಲದ ಬುಡದ ಎರಡೂ ಬದಿ ಕುಸಿಯುತ್ತದೆ, ಕೆಚ್ಚಲು ಬಿಗಿಯುತ್ತದೆ, ಹಸು ಎದ್ದು ಮಲಗಿ ಮಾಡುತ್ತದೆ. ಈ ಮೊದಲ ಘಟ್ಟ ಎರಡರಿಂದ ಆರು ಗಂಟೆ, ಕಡಸಿಗೆ ಇನ್ನೂ ಹೆಚ್ಚು. ಈಗ ಕೈ ಹಾಕಬೇಡಿ. ಸುಮ್ಮನೆ ದೂರ ನಿಂತು ನೋಡಿ.

ನೀರಿನ ಚೀಲ ಕಂಡ ಮೇಲೆ ಗಡಿಯಾರ ನೋಡಿಕೊಳ್ಳಿ. ಎರಡು ಮುಂಗಾಲು, ಅವುಗಳ ಮೇಲೆ ಮೂತಿ ಬಂದರೆ ಸರಿ. ಒಂದೇ ಕಾಲು, ಕಾಲಿಲ್ಲದೆ ಬರೀ ತಲೆ, ಬರೀ ಬಾಲ, ಗೊರಸಿನ ಅಡಿ ಮೇಲ್ಮುಖ ಆಗಿರುವುದು ಇವು ಅಪಾಯದ ಗುರುತು. ಒಂದು ಗಂಟೆ ಜೋರಾಗಿ ಮುಕ್ಕಿದರೂ ಮುಂದೆ ಬರದಿದ್ದರೆ ವೈದ್ಯರು ಬೇಕು. ಕುರಿ, ಮೇಕೆಗೆ ಅರ್ಧ ಗಂಟೆಯೇ ಮಿತಿ. ಎಳೆಯಲೇಬೇಕಾದರೆ ಹಸು ಮುಕ್ಕುವಾಗ ಮಾತ್ರ, ಕೆಳಮುಖವಾಗಿ.

ಕರು ಬಿದ್ದ ಕೂಡಲೇ ಮೂಗು ಬಾಯಿ ಒರೆಸಿ, ಹೊಕ್ಕುಳಿಗೆ ಅಯೋಡಿನ್ ಹಚ್ಚಿ. ಮೆಲುಕು ಹಾಕುವ ಪ್ರಾಣಿಗಳಲ್ಲಿ ರೋಗ ತಡೆಯುವ ಅಂಶಗಳು ಗರ್ಭದಲ್ಲಿ ತಾಯಿಯಿಂದ ಕರುವಿಗೆ ದಾಟುವುದಿಲ್ಲ. ಎಲ್ಲವೂ ಗಿಣ್ಣು ಹಾಲಿನಲ್ಲೇ ಬರಬೇಕು. ಅವುಗಳನ್ನು ಹೀರುವ ಕರುಳಿನ ಶಕ್ತಿ ಗಂಟೆ ಗಂಟೆಗೂ ಇಳಿಯುತ್ತದೆ. ಕರುವಿನ ತೂಕದ ಹತ್ತನೇ ಒಂದು ಭಾಗದಷ್ಟು ಗಿಣ್ಣು ಹಾಲು ಮೊದಲ ಆರು ಗಂಟೆಯೊಳಗೆ ಹೊಟ್ಟೆ ಸೇರಬೇಕು. ಮಾಸು ಬೀಳಲಿ ಎಂದು ಕಾಯುತ್ತಾ ಕರುವಿಗೆ ಹಾಲು ತಡಮಾಡುವುದು ಬೇಡವೇ ಬೇಡ.

ಮಾಸು 12 ಗಂಟೆಯೊಳಗೆ ತಾನಾಗಿ ಬೀಳುತ್ತದೆ. ಹಸುವಿನ ಮಾಸು ನೂರರ ಸುಮಾರಿನಷ್ಟು ಗುಂಡಿಗಳಂಥ ಜಾಗಗಳಲ್ಲಿ ಗರ್ಭಕೋಶಕ್ಕೆ ಅಂಟಿರುತ್ತದೆ. ಎಳೆದರೆ, ಕಲ್ಲು ಕಟ್ಟಿ ಜೋತುಬಿಟ್ಟರೆ ಆ ಗುಂಡಿಗಳು ಹರಿದು ಸೋಂಕು ಹತ್ತುತ್ತದೆ, ಮುಂದಿನ ಗಬ್ಬ ಅಲ್ಲಿಗೇ ಹಾಳಾಗುತ್ತದೆ. 24 ಗಂಟೆ ಕಳೆದರೂ ಬೀಳದಿದ್ದರೆ ಅಥವಾ ಜ್ವರ, ಕೆಟ್ಟ ವಾಸನೆ ಇದ್ದರೆ ವೈದ್ಯರಿಗೆ ತೋರಿಸಿ. ಬಿದ್ದ ಮಾಸನ್ನು ಹಸು ತಿನ್ನದಂತೆ ತೆಗೆದು ಹೂಳಿ, ನೋಟ್‌ಬುಕ್‌ನಲ್ಲಿ ಈದ ದಿನ ಮತ್ತು ಮಾಸು ಬಿದ್ದ ಹೊತ್ತನ್ನು ಬರೆಯಿರಿ. ಹಂತ 2ರ 60 ದಿನಗಳ ಎಣಿಕೆ ಆ ದಿನದಿಂದಲೇ ಶುರು.